ಅಜ್ಜಿಗೆ ಬಿಳಿ ಕೈಗವಸು

ಜೂನ್ 5, ಬುಧವಾರ — ಓಟ ಮುಗಿದು, ಪರೇಡಿಗೆ ಮುಂಚೆ

ತರಬೇತಿಯವರು ಮತ್ತೆ ಹಾಸಿಗೆ ಕಿತ್ತು ನೆಲಕ್ಕೆ ಬಿಸಾಡಿದರು. ಚಾದರದ ಮಡಿಕೆ ಓರೆಯಂತೆ. ಹಡಗಿನಲ್ಲಿ ಹನ್ನೆರಡು ವರ್ಷ ಮಲಗಿ ಎದ್ದವಳಿಗೆ ಹಾಸಿಗೆ ಹಾಸಲು ಬರುವುದಿಲ್ಲ ಎಂದು ಈ ವಾರವಷ್ಟೇ ಗೊತ್ತಾಯಿತು. ಮತ್ತೆ ಹಾಸಿದೆ. ನಾಳೆಯೂ ಕೀಳಲಿ. ಅವರ ಕೈ ಮೊದಲು ಸೋಲುತ್ತದೋ ನನ್ನದೋ, ನೋಡೇಬಿಡೋಣ.

ನನಗೆ ಮೂವತ್ತನಾಲ್ಕು. ಮಿಕ್ಕವರೆಲ್ಲ ಕಾಲೇಜಿನ ಬೆಂಚಿನಿಂದ ನೇರ ಈ ನೌಕಾ ತರಬೇತಿಗೆ ಇಳಿದವರು. ನಾನು ಹಡಗಿನ ಹೊಟ್ಟೆಯಿಂದ ಹತ್ತಿ ಬಂದವಳು — ತೂತು ಮುಚ್ಚುವವಳು, ತುಕ್ಕು ಕೆರೆಯುವವಳು. ಎರವಲು ಪುಸ್ತಕ ಓದಿ ಪರೀಕ್ಷೆ ಪಾಸು ಮಾಡಿದೆ. ಆಫೀಸರ್ ಆಗಬೇಕು. ಮೊದಲ ದಿನವೇ ಹುಡುಗರು ಹೆಸರಿಟ್ಟರು: ಅಜ್ಜಿ. ಇರಲಿ. ಅಜ್ಜಿ ಅಂದಮೇಲೆ ಮಾತು ಕೇಳಬೇಕಾಗುತ್ತದೆ ಮಕ್ಕಳೇ, ಅಂದೆ.

ಆಫೀಸರ್ ದೂರದ ಮಾತು. ಸದ್ಯಕ್ಕೆ ನಾವು ಕೆಡೆಟ್‌ಗಳೂ ಅಲ್ಲ. ಈ ಓರಿಯೆಂಟೇಶನ್ ಮುಗಿಯುವವರೆಗೆ ಬರೀ 'ಟ್ರೈನೀ', ಜೊತೆಗೊಂದು ನಂಬರ್. ನಾನು ನಲವತ್ತೊಂದು. ಗೆದ್ದವರನ್ನು ಮಾತ್ರ ಕೊನೆಗೆ 'ಕೆಡೆಟ್' ಅಂತ ಕರೆಯುತ್ತಾರಂತೆ. ಅದಕ್ಕೆ ಮುಂಚೆ ಯಾರ ಬಾಯಲ್ಲೂ ಆ ಮಾತು ಬರುವಂತಿಲ್ಲ. ಅಪ್ಪಿತಪ್ಪಿ ಅಂದವನು ಮೈದಾನ ಸುತ್ತಬೇಕು.

ಉತ್ತರಗಳೂ ಐದೇ. ಹೌದು ಸರ್. ಇಲ್ಲ ಸರ್. ಆಗಲಿ ಸರ್. ತಿಳಿದು ಹೇಳ್ತೇನೆ ಸರ್. ಐದನೆಯದು — ನೆಪ ಇಲ್ಲ ಸರ್. ಏನೇ ಎಡವಟ್ಟಾಗಲಿ, ಯಾಕೆ ಅಂತ ಕೇಳಿದರೆ ಐದನೆಯದು. ವಿವರಣೆ ಕೊಡುವಂತಿಲ್ಲ.

ಹೊರಡುವ ದಿನ ಮಾವ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ದೋಣಿ ರಿಪೇರಿ ಶೆಡ್ಡಿನಲ್ಲಿ ನನಗೆ ಸುತ್ತಿಗೆ ಹಿಡಿಯಲು ಕಲಿಸಿದವನೇ ಅವನು. "ಅವರಿಗೆ ಬೇಕಾಗಿರೋದು ನಿನ್ನ ಕೈ ಕಣೇ, ತಲೆಯಲ್ಲ. ಮಳೆಗಾಲದೊಳಗೆ ವಾಪಸ್ ಬರ್ತೀಯ, ಬರೆದಿಟ್ಕೋ."

ಬರೆದಿಟ್ಟುಕೊಂಡಿದ್ದೇನೆ ಮಾವ. ಇಗೋ ಇಲ್ಲಿ.

ಜೂನ್ 9, ಭಾನುವಾರ — ಕಾಗದ ಬರೆಯುವ ಹೊತ್ತು

ಫೋನೆಲ್ಲ ಮೊದಲ ದಿನವೇ ಚೀಲಕ್ಕೆ ಹೋಯಿತು. ಭಾನುವಾರ ಕಾಗದ ಬರೆಯಬಹುದು. ಪುಟ್ಟಿಗೆ ಬರೆದೆ. ತಂಗಿ ಮುಂದಿನ ವರ್ಷ ಇದೇ ಪರೀಕ್ಷೆ ಕಟ್ಟುವವಳು. "ಅಕ್ಕಾ, ಅಲ್ಲಿ ಏನೇನಿರತ್ತೆ ಎಲ್ಲಾ ಬರಿ" ಅಂತ ದುಂಬಾಲು ಬಿದ್ದಿದ್ದಳು.

ಬರೆದದ್ದು: ಕೂದಲು ಈಗಿನಿಂದಲೇ ಬಿಗಿಯಾಗಿ ಕಟ್ಟಿ ಅಭ್ಯಾಸ ಮಾಡು. ಹೊಸ ಬೂಟನ್ನು ಮನೆಯಲ್ಲೇ ಹಾಕಿ ಓಡಾಡು, ಇಲ್ಲಿ ಬಂದು ಬೊಬ್ಬೆ ಎಬ್ಬಿಸಿಕೊಳ್ಳಬೇಡ. ಕಾರಿಡಾರಿನಲ್ಲಿ ಗೋಡೆ ಪಕ್ಕಕ್ಕೇ ನಡೆಯಬೇಕು, ಮೂಲೆ ಬಂದಾಗ ಪೆಟ್ಟಿಗೆ ತಿರುಗಿದ ಹಾಗೆ ತಿರುಗಬೇಕು. ಈಜು ಬಂದರೆ ಸಾಲದು. ಎತ್ತರದ ಹಲಗೆಯಿಂದ ಬೂಟು ಸಮೇತ ಹಾರಬೇಕು, ಕೆಳಗೆ ನೋಡಬೇಡ, ಎದುರಿನ ಗೋಡೆ ನೋಡು. ಗಂಟು ಹಾಕುವುದನ್ನು ಕಣ್ಣು ಮುಚ್ಚಿ ಕಲಿ. ಊಟ ಬೇಗ ಬೇಗ ಮಾಡು, ಆದರೆ ಅಗಿ. ಯಾರಾದರೂ ಮುಖದ ಹತ್ತಿರ ಬಂದು ಕಿರುಚಿದರೆ ಅವರ ಹಣೆ ನೋಡು, ಕಣ್ಣು ನೋಡಬೇಡ. ನಗು ಬಂದರೆ ಕಾಲ್ಬೆರಳು ಮಡಚು.

ಬರೆಯದೆ ಬಿಟ್ಟದ್ದು: ಆಫೀಸರ್ ಎದುರು ಬಂದರೆ ನನ್ನ ಕಾಲು ತಾನಾಗಿ ಗೋಡೆಗೆ ಸರಿಯುತ್ತದೆ. ಬಕೆಟ್ ಕಂಡರೆ ಕೈ ತಾನಾಗಿ ಹೋಗುತ್ತದೆ. ಮೇಲಿನ ಮಂಚದ ಹುಡುಗಿ — ನಂಬರ್ ಮೂವತ್ತೆಂಟು, ಬೆಂಕಿಕಡ್ಡಿಯ ಹಾಗಿದ್ದಾಳೆ, ಎಲ್ಲರೂ ಕಡ್ಡಿ ಅಂತಲೇ ಕರೆಯುವುದು — ಅವಳ ಬೂಟಿಗೂ ನಾನೇ ಪಾಲಿಶ್ ಹಾಕಿದೆ. ಹಾಕಿ ಮುಗಿದ ಮೇಲೆ ಗೊತ್ತಾಯಿತು, ಹಾಕಿದೆ ಅಂತ.

ಚೀಫ್ ನೋಡಿದರು. ನಮ್ಮನ್ನು ಪಳಗಿಸುವವರು ಅವರೇ. ಗಂಟಲು ಎಂಥದೆಂದರೆ ಹುಡುಗರು 'ಸೈರನ್' ಅಂತಾರೆ.

"ನಲವತ್ತೊಂದು! ಇವಳು ನಿನ್ನ ಮಗಳಾ?"

"ಇಲ್ಲ ಸರ್."

"ನೀನು ಇವಳ ಆಳಾ?"

"ಇಲ್ಲ ಸರ್."

"ಮತ್ಯಾಕೆ?"

"ನೆಪ ಇಲ್ಲ ಸರ್."

ಮಂಚದ ಮೇಲಿಂದ ಕಡ್ಡಿ ಪಿಸುಗುಟ್ಟಿದಳು, "ಅಜ್ಜಿ, ನಾಳೆ ಎಡಗಾಲಿನದು ಸ್ವಲ್ಪ ಜಾಸ್ತಿ ಉಜ್ಜಿ." ಕಾಲ್ಬೆರಳು ಮಡಚಿದೆ.

ಜೂನ್ 12, ಬುಧವಾರ — ಸಂಜೆ ಟೀ ಬಿಡುವು

ಡಬ್ಬದೊಳಗೆ ಇಳಿಸಿದರು ಇವತ್ತು.

ಉಕ್ಕಿನ ಕೋಣೆ ಅದು, ಹಡಗಿನ ತಳದ ಕೋಣೆಯ ತದ್ರೂಪು. ಗೋಡೆಯಲ್ಲಿ ಬೇಕೆಂದೇ ಕೊರೆದ ತೂತುಗಳು. ಹೊರಗಿನಿಂದ ನಲ್ಲಿ ತಿರುಗಿಸಿದರೆ ಎಲ್ಲ ತೂತಿನಿಂದ ಒಟ್ಟಿಗೆ ನೀರು ನುಗ್ಗುತ್ತದೆ. ಒಳಗಿದ್ದವರು ಮರದ ಬಿರಡೆ ಜಡಿದು, ಸೀಳಿಗೆ ದಿಂಬು ಒತ್ತಿ, ಅದಕ್ಕೆ ತೊಲೆ ಆನಿಸಿ, ಬೆಣೆ ಹೊಡೆದು ನಿಲ್ಲಿಸಬೇಕು. ಒಬ್ಬರು ನಾಯಕರು. ಅವರ ಜಾಗ ಏಣಿಯ ಬುಡ. ಅಲ್ಲೊಂದು ಫೋನ್. ಮೇಲಿನವರಿಗೆ ವರದಿ, ಕೆಳಗಿನವರಿಗೆ ಹುಕುಂ.

ನನ್ನನ್ನು ನಾಯಕಿ ಮಾಡಿದರು. ಒಳಗೊಳಗೇ ನಕ್ಕೆ. ಹನ್ನೆರಡು ವರ್ಷದ ಅನ್ನ ಇದು! ನೀರು ಬಂತು. ಹುಡುಗರು ಬಿರಡೆಯನ್ನು ತಿರುವುಮುರುವಾಗಿ ಹಿಡಿದಿದ್ದರು. ನೋಡಲಾಗಲಿಲ್ಲ. ಸುತ್ತಿಗೆ ಕಿತ್ತುಕೊಂಡೆ. ದೊಡ್ಡ ತೂತು, ಅದರ ಪಕ್ಕದ್ದು, ಆಮೇಲೆ ಸೀಳು — ಎಲ್ಲ ನಾನೇ. ನೀರು ತೊಡೆ ದಾಟುವ ಮೊದಲು ನಿಂತಿತು. ಹುಡುಗರು ಚಪ್ಪಾಳೆ ಹೊಡೆದರು.

ಸೈರನ್ ಶೀಟಿ ಊದಿ ಕೆಳಗಿಳಿದರು. ಕೂಗಲಿಲ್ಲ. ಅದೇ ಹೆದರಿಕೆ ಹುಟ್ಟಿಸಿದ್ದು.

"ನಿನ್ನ ಜನ ಎಷ್ಟು?"

ತಿರುಗಿ ನೋಡಿದೆ. ಕಡ್ಡಿ ಇರಲಿಲ್ಲ. ಹಿಂದಿನ ಮೂಲೆಯಲ್ಲಿ ಜಾರಿ ಬಿದ್ದು, ಹಗ್ಗದ ಸುರುಳಿಯಲ್ಲಿ ಕಾಲು ಸಿಕ್ಕಿ, ಗೋಡೆ ಹಿಡಿದು ಕೂತಿದ್ದಳು. ಗದ್ದದವರೆಗೆ ನೀರು. ಕೂಗಿದ್ದಳಂತೆ. ನನ್ನ ಸುತ್ತಿಗೆ ಸದ್ದಿನಲ್ಲಿ ಕೇಳಿಸಲಿಲ್ಲ.

"ನೀರು ನಿಂತಿತು. ನೀನು ಫೇಲ್. ಯಾಕೆ ಏಣಿ ಬಿಟ್ಟೆ?"

ಹೇಳಲು ಬಾಯಿ ತುಂಬ ಇತ್ತು. ನೀರು ನಿಲ್ಲಿಸಿದ್ದು ತಪ್ಪಾ? ಇವರಿಗೆ ಬಿರಡೆಯ ತಲೆ ಬುಡ ಗೊತ್ತಿಲ್ಲದಿದ್ದರೆ ನಾನು ಮುಳುಗಬೇಕಾ?

"ನೆಪ ಇಲ್ಲ ಸರ್," ಅಂದೆ. ಆ ಮೂರು ಮಾತನ್ನು ಉಗುಳಿದ ಹಾಗೆ ಅಂದೆ. ಅವರಿಗೆ ಗೊತ್ತಾಯಿತು. ಗೊತ್ತಾಗಲಿ ಅಂತಲೇ ಅಂದದ್ದು.

ಜೂನ್ 13, ಗುರುವಾರ

ಲೆಫ್ಟಿನೆಂಟ್ ಮೇಡಂ ಕರೆದರು. ನನಗಿಂತ ಚಿಕ್ಕವರು. ಟ್ರೈನಿಗಳಿಗೆ 'ನೀನು' ಅನ್ನಬೇಕು ಇಲ್ಲಿ. ಅವರ ನಾಲಿಗೆ ನನ್ನ ಮುಖ ನೋಡಿ ತಪ್ಪುತ್ತದೆ.

"ನೋಡಿ... ನೋಡು. ಇನ್ನೊಂದು ಸಲ ಡಬ್ಬಕ್ಕೆ ಇಳಿಸ್ತಾರೆ. ಅದರಲ್ಲೂ ಹೋದರೆ ಮನೆಗೆ ಕಳಿಸ್ತಾರೆ, ಹಡಗಿಗಲ್ಲ. ಈಗಲೇ ನೀನಾಗಿ ಬರೆದುಕೊಟ್ಟರೆ ಹಳೇ ಹುದ್ದೆ, ಹಳೇ ಹಡಗು, ಎಲ್ಲಾ ಹಾಗೇ ಸಿಗತ್ತೆ. ಅದರಲ್ಲಿ ಅವಮಾನ ಏನಿಲ್ಲ."

ಅರ್ಜಿಯನ್ನು ನನ್ನ ಕಡೆ ತಳ್ಳಿದರು. ಪೆನ್ನನ್ನೂ ಇಟ್ಟರು.

"ಇಲ್ಲ ಸರ್," ಅಂದೆ. ಮೇಡಂಗೆ ಸರ್ ಅಂದುಬಿಟ್ಟೆ. ನಗಲಿಲ್ಲ ಅವರು. ಪೆನ್ನನ್ನು ನೆಟ್ಟಗೆ ಇಟ್ಟು, ಅವರ ಕಡೆ ತಿರುಗಿಸಿ, ಸಲ್ಯೂಟ್ ಹೊಡೆದು ಬಂದೆ.

ಹೊರಗೆ ಸೈರನ್ ಕಾಯುತ್ತಿದ್ದರು. ಕೈಯಲ್ಲೊಂದು ಜೊತೆ ಕೈಗವಸು. ಬಿಳಿ ಹತ್ತಿಯದು, ಸಮಾರಂಭದ ದಿನ ಆಫೀಸರುಗಳು ತೊಡುವಂಥದ್ದು.

"ತೊಟ್ಕೋ. ಊಟ, ಸ್ನಾನ, ಈಜು ಬಿಟ್ಟು ಮಿಕ್ಕ ಹೊತ್ತೆಲ್ಲ ಇದು ಕೈಯಲ್ಲೇ ಇರ್ಬೇಕು. ನಿನ್ನ ಕೆಲಸ ನೀನು ಮಾಡ್ಕೋ, ತೊಂದರೆಯಿಲ್ಲ. ಇನ್ನೊಬ್ಬರ ಕೆಲಸದ ಕಲೆ ಇದರ ಮೇಲೆ ಕಾಣಿಸ್ತೋ, ಮೈದಾನ. ಸಂಜೆ ಸಂಜೆ ನಾನೇ ನೋಡ್ತೀನಿ."

ತೊಟ್ಟೆ. ಬೆರಳಿನ ಗಂಟುಗಳ ಹತ್ತಿರ ಬಿಗಿ.

"ನಿನ್ನ ಕೈ ಒಳ್ಳೇದು, ನಲವತ್ತೊಂದು," ಅಂದರು. "ಅಪಾಯ ಇರೋದೇ ಅಲ್ಲಿ."

ಆಗಲಿ ಸರ್. ನೋಡೇಬಿಡೋಣ ಸರ್. ಎರಡನೆಯದು ಮನಸ್ಸಿನಲ್ಲಿ.

ಜೂನ್ 15, ಶನಿವಾರ

ಎಲ್ಲೆಲ್ಲೂ ನಗು. "ಅಜ್ಜಿ ಮದುವೆಗೆ ಹೊರಟ್ರು!" ಅಂತ ಒಬ್ಬ. ಅವನನ್ನು ಗೂಳಿ ಅಂತಾರೆ — ಹೆಗಲು ಬಾಗಿಲಿನಷ್ಟು ಅಗಲ. "ವರ ನೀನೇ ಕಣೋ, ಸೊಂಟ ಬಗ್ಗಿಸು, ಹಾರ ಹಾಕ್ತೀನಿ" ಅಂದೆ.

ಮೊದಲ ದಿನ ಗ್ರೀಸು. ಮೈದಾನ. ಎರಡನೇ ದಿನ ಬೂಟ್ ಪಾಲಿಶ್, ತೋರುಬೆರಳಲ್ಲಿ ಸಾಸಿವೆ ಗಾತ್ರ. ಮೈದಾನ. ಇವತ್ತು — ಏನೂ ಇಲ್ಲ. ಸೈರನ್ ತಿರುಗಿಸಿ ಮುರುಗಿಸಿ ನೋಡಿದರು. ಮುಖಕ್ಕೆ ಹಿಡಿದು ತೋರಿಸಿದೆ.

ಆದರೆ ಕೈ ಕಟ್ಟಿದ್ದಾರೆ, ಬಾಯಿ ಕಟ್ಟಿಲ್ಲವಲ್ಲ!

ಜೂನ್ 16, ಭಾನುವಾರ — ಕಾಗದದ ಹೊತ್ತು

ಪುಟ್ಟಿಯ ಕಾಗದ ಬಂದಿದೆ. "ಅಕ್ಕಾ, ಮಾವ ನಿನ್ನ ಸುತ್ತಿಗೆ ಮೊಳೆಗೆ ನೇತುಹಾಕಿ ದಿನಾ ಎಣ್ಣೆ ಒರೆಸ್ತಾನೆ. ಯಾರಿಗೂ ಮುಟ್ಟೋಕೆ ಬಿಡಲ್ಲ. ಬಂದಾಗ ಬೇಕಾಗತ್ತೆ ಅಂತಾನೆ. ಅಮ್ಮ ಅವನ ಜೊತೆ ಮಾತು ಬಿಟ್ಟಿದಾಳೆ. ದೋಣಿಗೆ ಹೊದಿಸೋ ಟಾರ್ಪಾಲು ಹೊಲೀತಾ ಹೊಲೀತಾ, ನನ್ನ ಮಗಳು ಬರೋದು ಆಫೀಸರ್ ಟೋಪಿ ಹಾಕ್ಕೊಂಡೇ, ಅಂತ ಮಿಶಿನ್ನಿಗೆ ಹೇಳ್ತಾಳೆ."

ಎರಡು ಸಲ ಓದಿದೆ. ಸುತ್ತಿಗೆಗೆ ಎಣ್ಣೆ ಒರೆಸುವುದು ಪ್ರೀತಿಯೇ, ಗೊತ್ತು. ಆದರೂ ಆ ಮೊಳೆಯಿಂದ ಅದು ಇಳಿಯಬಾರದು.

ಡಬ್ಬದ ಸಾಮಾನಿನ ಕೋಣೆಯಲ್ಲಿ ಅಭ್ಯಾಸಕ್ಕೆ ಬಿಡುತ್ತಾರೆ. ಕಡ್ಡಿಯನ್ನು, ಗೂಳಿಯನ್ನು ಕರೆದುಕೊಂಡು ಹೋದೆ. ಕೈ ಬೆನ್ನ ಹಿಂದೆ. ಕಡ್ಡಿಗೆ ಬೆಣೆ ಕೊಟ್ಟೆ — ಅಂದರೆ, ತಗೋ ಅಂದೆ.

"ಹೊಡಿ."

ಹೊಡೆದಳು. ಬೆಣೆ ಹಾರಿ ಮೂಲೆಗೆ ಹೋಯಿತು.

"ಹಾಗಲ್ಲ."

"ಮತ್ತೆ ಹೇಗೆ ಅಜ್ಜಿ?"

ಹೇಗೆ? ಬೆರಳು ಹಿಂದೆ ಒದ್ದಾಡಿತು. ಹೇಗೆ ಅಂತ ನನ್ನ ಬಾಯಿಗೆ ಗೊತ್ತೇ ಇರಲಿಲ್ಲ. ಮಾವ ಎಂದೂ ಹೇಳಿರಲಿಲ್ಲ. ಕೈ ಮೇಲೆ ಕೈಯಿಟ್ಟು ಹೊಡೆಸಿದ್ದ, ಅಷ್ಟೇ. ಮೂಲೆಗೆ ಹೋದ ಬೆಣೆಯನ್ನು ಬೂಟಿನಿಂದ ಅವಳ ಕಡೆ ತಳ್ಳಿದೆ. ಕೊನೆಗೆ —

"ಮೊದಲು ಬಾಗಿಲು ತಟ್ಟೋ ಹಾಗೆ. ಒಳಗೆ ಮಗು ಮಲಗಿದೆ ಅಂದ್ಕೋ. ಬೆಣೆ ಕಚ್ಚಿಕೊಂಡಿತಾ? ಸದ್ದು ಬದಲಾಗತ್ತೆ, ಕೇಳು. ಟೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬಂದಮೇಲೆ ಸಾಲಗಾರನ ಬಾಗಿಲು ಬಡಿಯೋ ಹಾಗೆ ಬಡಿ."

ತಟ್ಟಿದಳು, ತಟ್ಟಿದಳು, ಕಿವಿಯಿಟ್ಟಳು. ಆಮೇಲೆ ಬಡಿದಳು. ಕೂತಿತು! ಗೂಳಿ ಒದ್ದ. ಅಲ್ಲಾಡಲಿಲ್ಲ.

ಕಡ್ಡಿ ಕುಣಿದಳು. ನನಗೆ ಹೊಟ್ಟೆಕಿಚ್ಚಾ? ಹೌದು, ಸ್ವಲ್ಪ. ಮಿಕ್ಕದ್ದು ಏನೆಂದು ಗೊತ್ತಿಲ್ಲ, ಆದರೆ ಚೆನ್ನಾಗಿತ್ತು.

ಜೂನ್ 19, ಬುಧವಾರ

ಶನಿವಾರದಿಂದ ಕೈಗವಸು ಹಾಲಿನ ಹಾಗಿದೆ. ಗಂಟಲು ಸತ್ತಿದೆ. ನಾಡಿದ್ದು ಡಬ್ಬ. ಮೇಡಂ ದಾರಿಯಲ್ಲಿ ಸಿಕ್ಕು, "ಅರ್ಜಿ ಇನ್ನೂ ನನ್ನ ಡ್ರಾಯರಿನಲ್ಲೇ ಇದೆ" ಅಂದರು. ಅಲ್ಲೇ ಹಳದಿಯಾಗಲಿ ಅಂದುಕೊಂಡೆ. ಅಂದದ್ದು ಮಾತ್ರ ನಾಲ್ಕನೆಯದು — ತಿಳಿದು ಹೇಳ್ತೇನೆ ಮೇಡಂ.

ಜೂನ್ 22, ಶನಿವಾರ — ಆಸ್ಪತ್ರೆ ಕೋಣೆ, ಬೆಳಿಗ್ಗೆ

ಅಕ್ಷರ ಸೊಟ್ಟ. ಬಲಗೈ ಎರಡು ಬೆರಳಿಗೆ ಹೊಲಿಗೆ. ಎಡಗೈಲಿ ಬರೆಯುತ್ತಿದ್ದೇನೆ. ಆದದ್ದು ಆದ ಹಾಗೇ ಬರೆಯುತ್ತೇನೆ, ಆಮೇಲೆ ಯಾರೂ ತಿರುಚಬಾರದು.

ನಿನ್ನೆ ಇಳಿದೆವು. ಏಣಿಯ ಬುಡದಲ್ಲಿ ನಾನು. ಕೈ ಹಿಂದೆ, ಬಿಳಿ ಕೈಗವಸು. ನೀರು ಬಿಟ್ಟರು. ಕಡ್ಡಿ ದೊಡ್ಡ ತೂತಿಗೆ, ಗೂಳಿ ತೊಲೆಗೆ, ಮಿಕ್ಕ ಮೂವರು ಸೀಳಿಗೆ. ನಾನು ಬರೀ ಬಾಯಿ. "ತಟ್ಟು... ತಟ್ಟು... ಸದ್ದು ಕೇಳು... ಹಾಂ, ಈಗ ಬಡಿ!" ದೊಡ್ಡ ತೂತು ನಿಂತಿತು. ನನ್ನ ಕೈ ಸೋಕದೆ ನಿಂತಿತು! ತಲೆ ಎಣಿಸಿದೆ, ಎಲ್ಲರೂ ಓಗೊಟ್ಟರು. ಮತ್ತೆ ಎಣಿಸಿದೆ. ಗೂಳಿ ಓಗೊಟ್ಟ, ಆದರೆ ದನಿ ಹಲ್ಲಿನ ಸಂದಿಯಿಂದ ಬಂತು.

"ಏನಾಯ್ತೋ?"

"ಏನಿಲ್ಲ ಅಜ್ಜಿ."

ನಿಂತ ರೀತಿ ಸರಿಯಿರಲಿಲ್ಲ. ಅವಸರಕ್ಕೆ ತೊಲೆಯ ಬುಡವನ್ನು ತನ್ನ ಬೂಟಿನ ಮೇಲೇ ಇಳಿಸಿಕೊಂಡಿದ್ದ, ಮೇಲಿನಿಂದ ಬೆಣೆ ಬಿಗಿದಾಗಿತ್ತು. ಬೆಣೆ ಸಡಿಲಿಸಿದರೆ ದಿಂಬು ಹಾರಿ ಸೀಳು ಮತ್ತೆ ತೆರೆಯುತ್ತದೆ. ಮೇಲಿನ ಒಂದು ತೂತಿನಿಂದ ನೀರು ಇನ್ನೂ ಬರುತ್ತಲೇ ಇತ್ತು. ಆಗಲೇ ಅವನ ಸೊಂಟಕ್ಕೆ.

ಫೋನ್ ಎತ್ತಿದೆ. "ಒಬ್ಬನ ಕಾಲು ಸಿಕ್ಕಿಕೊಂಡಿದೆ. ನೀರು ನಿಲ್ಲಿಸಿ."

ಮೇಲಿನಿಂದ ಯಾವನೋ ತಣ್ಣಗೆ: "ತಿಳಿಯಿತು. ಒಬ್ಬ ಗಾಯಾಳು. ಮುಂದುವರಿಸಿ."

ತಪ್ಪು ಅವನದಲ್ಲ. ಡ್ರಿಲ್ಲಿನಲ್ಲಿ ಎಲ್ಲರೂ ಹೀಗೇ ಹೇಳುವುದು. ಬೆಂಕಿ ಅಂತಾರೆ, ಬೆಂಕಿ ಇರುವುದಿಲ್ಲ; ಸತ್ತ ಅಂತಾರೆ, ಸತ್ತವನು ನಗುತ್ತಿರುತ್ತಾನೆ. ಆಟದ ಮಾತಿನಲ್ಲೇ ನಿಜ ಹೇಳಿದರೆ ಅದೂ ಆಟವೇ. ಮೇಲಿನಿಂದ ನೋಡಲು ಇಟ್ಟ ಗಾಜಿಗೆ ನೀರು ರಾಚಿ ಸೈರನ್‌ಗೂ ಏನೂ ಕಾಣುತ್ತಿರಲಿಲ್ಲ.

ಹಿಂದಿನ ಸಲವಾಗಿದ್ದರೆ ಆಗಲೇ ಹಾರಿರುತ್ತಿದ್ದೆ. ಹಾರಲಿಲ್ಲ.

"ಕಡ್ಡಿ! ಇಲ್ಲಿ ಬಾ. ಏಣಿ ಹತ್ತಿರ ನಿಲ್ಲು. ಫೋನ್ ನಿನ್ನದು. ಇಲ್ಲಿಂದ ಹುಕುಂ ನಿನ್ನದು, ಗೊತ್ತಾಯ್ತಾ? ಎಲ್ಲರ ತಲೆ ಎಣಿಸ್ತಾ ಇರು. ನನ್ನದನ್ನೂ ಸೇರಿಸಿ."

"ನಾನಾ? ಅಜ್ಜಿ, ನಾನು—"

"ನೀನೇ. ಆ ಫೋನಿಗೆ ನಿಮ್ಮಮ್ಮನ ಹತ್ತಿರ ಮಾತಾಡೋ ಹಾಗೆ ಮಾತಾಡು. ನೀರು ನಿಲ್ಲೋವರೆಗೂ ಬಿಡಬೇಡ."

ಆಮೇಲೆ ಇಳಿದೆ. ಮುಳುಗಿ ಬೂಟಿನ ಲೇಸು ಹುಡುಕಿದೆ. ಕೈಗವಸಿನಲ್ಲಿ ಬೆರಳಿಗೆ ಕಣ್ಣಿರಲಿಲ್ಲ, ಆದರೂ ಸಿಕ್ಕಿತು. ಸೊಂಟದ ಚೂರಿ ಹಾಕಿ ಲೇಸು ಕೊಯ್ದೆ. ಉಸಿರಿಗೆ ಎದ್ದಾಗ ಕಡ್ಡಿ ಕೇಳಿಸಿದಳು — ಬೆಂಕಿಕಡ್ಡಿಯೊಳಗೆ ಇಷ್ಟು ಗಂಟಲು ಎಲ್ಲಿತ್ತೋ. "ಡ್ರಿಲ್ ಅಲ್ಲಾ ರೀ! ನಿಜ! ನಿಜವಾಗ್ಲೂ ಸಿಕ್ಕಿಕೊಂಡಿದಾನೆ, ನಿಲ್ಲಿಸ್ರೀ ಅದನ್ನ!" ಮತ್ತೆ ಮುಳುಗಿದೆ. ತೊಲೆಯ ಕೆಳಗೆ ಬೆರಳು ತೂರಿಸಿ ಬೂಟಿನ ಬಾಯಿ ಅಗಲಿಸಿದೆ. "ಕಾಲು ಎಳ್ಕೋ!" ಅಂದದ್ದು ನೀರೊಳಗೆ ಗುಳುಗುಳು ಆಗಿರಬೇಕು. ಎಳೆದುಕೊಂಡ. ತೊಲೆ ಕೂತಿತು, ನನ್ನ ಎರಡು ಬೆರಳಿನ ಮೇಲೆ ಸ್ವಲ್ಪ.

ನೀರು ನಿಂತಿತು. ಕಡ್ಡಿ ತಲೆ ಎಣಿಸುತ್ತಲೇ ಇದ್ದಳು. ನನ್ನನ್ನೂ ಸೇರಿಸಿ.

ಸೈರನ್ ಇಳಿದು ಬಂದರು. ಮುಖ ಸುಣ್ಣ. ಮೊದಲು ಗೂಳಿಯ ಕಾಲು ನೋಡಿದರು. ನಾನಾಗಿಯೇ ಎರಡು ಕೈ ಮುಂದೆ ಚಾಚಿದೆ. ಗ್ರೀಸು, ತುಕ್ಕು, ರಕ್ತ. ಕೈಗವಸಿನ ಒಂದು ಬೆರಳು ಹರಿದಿತ್ತು.

"ನೆಪ ಇಲ್ಲ ಸರ್," ಅಂದೆ. ಈ ಸಲ ಉಗುಳಲಿಲ್ಲ.

ಜೂನ್ 23, ಭಾನುವಾರ

ಮೇಡಂ ಆಸ್ಪತ್ರೆಗೇ ಬಂದರು. ನಿಯಮದ ಪ್ರಕಾರ ಏಣಿ ಬಿಟ್ಟವಳು ಫೇಲ್. ಚೀಫ್ ಇದನ್ನು ಬೋರ್ಡಿನ ಮುಂದೆ ಇಡಿಸಿದ್ದಾರಂತೆ. ನಾಳೆ ಮೂವರು ಆಫೀಸರುಗಳು ಕೂರುತ್ತಾರೆ. ಚೀಫ್ ಯಾವ ಕಡೆ? "ಅವರು ಯಾವ ಕಡೆ ಅಂತ ಅವರ ಹೆಂಡತಿಗೂ ಗೊತ್ತಾಗಲ್ಲ" ಅಂದರು ಮೇಡಂ. ಅರ್ಜಿ ಈಗಲೂ ಕೊಡಬಹುದು, ಹಡಗು ಉಳಿಯುತ್ತದೆ. ಬೋರ್ಡು ಬೇಡ ಅಂದರೆ ಅದೂ ಇಲ್ಲ.

"ನೀವು ಚೆನ್ನಾಗಿ ಯೋಚನೆ ಮಾಡಿ," ಅಂದರು. ಈ ಸಲ 'ನೀವು' ತಿದ್ದಿಕೊಳ್ಳಲಿಲ್ಲ.

ಯೋಚಿಸಿದೆ. ಆ ಹಡಗನ್ನು ಪ್ರೀತಿಸುತ್ತೇನೆ, ಸುಳ್ಳು ಯಾಕೆ. ಅದರ ಪ್ರತಿ ಪೈಪು ಗೊತ್ತು. ಆದರೆ ಅರ್ಜಿಗೆ ಸಹಿ ಹಾಕಿದರೆ, ಏಣಿ ಹತ್ತಿರ ನಿಂತು ಕಡ್ಡಿಯ ಕೈಲಿ ತೂತು ಮುಚ್ಚಿಸಿದವಳು ಯಾರು? ಅವಳೇನು ಸುಳ್ಳಾ? ಇಲ್ಲ. ಹಾಕುವುದಿಲ್ಲ.

ಪುಟ್ಟಿಗೆ ಎಡಗೈಲಿ ಒಂದೇ ಸಾಲು ಬರೆದೆ: ಗಟ್ಟಿಯಾಗಿ ಮಾತಾಡುವುದನ್ನು ಕಲಿ, ಕೆಲಸ ಬರುವುದರಷ್ಟೇ ಅದೂ ಬೇಕು.

ಜೂನ್ 24, ಸೋಮವಾರ — ಬೋರ್ಡಿನ ಕೋಣೆಯ ಹೊರಗೆ, ಬೆಂಚಿನ ಮೇಲೆ

ಮುಗಿಯಿತು. ಹೊರಗೆ ಕಾಯ್ತಿರು ಅಂದಿದ್ದಾರೆ. ಕೈಗವಸು ತೊಟ್ಟೇ ಹೋಗಿದ್ದೆ. ಒಗೆದಿಲ್ಲ. ಹೊಲಿಗೆ ಹಾಕಿದ ಬೆರಳು ತೂರಿಸುವಾಗ ಜೀವ ಹೋಯಿತು, ಆದರೂ ತೊಟ್ಟೆ. ತುಕ್ಕಿನ ಕಲೆ ಅವರಿಗೆ ಕಾಣಬೇಕಿತ್ತು.

ನಡುವಿನ ಕ್ಯಾಪ್ಟನ್ ಬಹಳ ಹೊತ್ತು ಕೈಯನ್ನೇ ನೋಡಿದರು. "ಏಣಿ ಬಿಡಬಾರದು ಅನ್ನೋ ನಿಯಮ ಗೊತ್ತಿತ್ತಾ?"

"ಹೌದು ಸರ್."

"ಬಿಟ್ಟದ್ದು ಮರೆತಾ?"

"ಇಲ್ಲ ಸರ್."

"ಯಾರ ಕೈಗೆ ಕೊಟ್ಟು ಬಿಟ್ಟೆ?"

ಇದಕ್ಕೆ ಐದರಲ್ಲಿ ಉತ್ತರ ಇರಲಿಲ್ಲ. ಗೋಡೆಯ ಪಕ್ಕ ಸೈರನ್ ಕಂಬದ ಹಾಗೆ ನಿಂತಿದ್ದರು. "ಟ್ರೈನೀ ಮೂವತ್ತೆಂಟಕ್ಕೆ ಸರ್. ಆ ಹೊತ್ತಿಗೆ ಅಲ್ಲಿ ಅವಳಷ್ಟು ತಯಾರಾದವರು ಯಾರೂ ಇರಲಿಲ್ಲ," ಅಂದೆ. ಯಾರೂ ತಡೆಯಲಿಲ್ಲ.

ಕ್ಯಾಪ್ಟನ್ ಮುಂದಕ್ಕೆ ಬಾಗಿದರು. "ಕಡೇ ಪ್ರಶ್ನೆ. ಇಂಥದ್ದೇ ಮತ್ತೆ ಬಂದರೆ ಕೈ ಹಾಕದೆ ಏಣಿ ಹತ್ತಿರ ನಿಲ್ತೀಯಾ?"

ಅವರಿಗೆ ಬೇಕಾದ್ದು ಯಾವುದು ಅಂತ ಎಳೆ ಮಗುವಿಗೂ ಗೊತ್ತಾಗುತ್ತಿತ್ತು. ಮಾವನ ಮೊಳೆ ಕಣ್ಣ ಮುಂದೆ ಬಂತು. ಅಮ್ಮನ ಮಿಶಿನ್ನಿನ ಸದ್ದೂ.

"ಇಲ್ಲ ಸರ್," ಅಂದೆ.

ಮತ್ತೇನೂ ಕೇಳಲಿಲ್ಲ. ಹೊರಗೆ ಬಂದೆ.

ಕಾರಿಡಾರಿನ ತುದಿಯಲ್ಲಿ ಕಡ್ಡಿ, ಕುಂಟುತ್ತಾ ಗೂಳಿ. ಗೋಡೆ ಪಕ್ಕಕ್ಕೇ ನಡೆಯುವ ನೆಪದಲ್ಲಿ ಹೋಗುತ್ತಾರೆ, ಬರುತ್ತಾರೆ. ಮೂಲೆಯಲ್ಲಿ ಪೆಟ್ಟಿಗೆ ತಿರುಗಿದ ಹಾಗೆ ತಿರುಗುತ್ತಾರೆ. ಹತ್ತಿರ ಬಂದಾಗ ಗೂಳಿ ತುಟಿಯಲ್ಲಾಡಿಸದೆ ಅಂದ, "ಅಜ್ಜಿ, ನನಗೆ ಹೊಸ ಬೂಟು ಕೊಡಿಸ್ಬೇಕು ನೀವು." ಓಡು ಅಂದೆ.

ಒಳಗೆ ಮಾತು ನಡೆಯುತ್ತಿದೆ. ಸೈರನ್ ದನಿ ಕೇಳುತ್ತಿದೆ, ಮಾತು ತಿಳಿಯುತ್ತಿಲ್ಲ. ಇಷ್ಟು ಮೆತ್ತಗೆ ಮಾತಾಡಲು ಬರುತ್ತದೆಯೇ ಅವರಿಗೆ!

ಏನೇ ಹೇಳಲಿ, ಹೇಳಿದ ಉತ್ತರ ವಾಪಸ್ ತೆಗೆದುಕೊಳ್ಳುವುದಿಲ್ಲ. ಮನೆಗೆ ಕಳಿಸಿದರೆ ಇದೇ ಕೈಗವಸು ತೊಟ್ಟು ಶೆಡ್ಡಿನ ಮುಂದೆ ಬಸ್ಸಿಳಿಯುತ್ತೇನೆ. ಮುಂದಿನ ವರ್ಷ ಪುಟ್ಟಿಯ ಜೊತೆ ಮತ್ತೆ ಅರ್ಜಿ ಹಾಕುತ್ತೇನೆ. ಆಗ ಮೂವತ್ತೈದು. ಮುತ್ತಜ್ಜಿ ಅನ್ನಲಿ.

ಕುರ್ಚಿ ಸರಿದ ಸದ್ದು. ಬೂಟು. ಬಾಗಿಲಿನ ಹಿಡಿ ತಿರುಗುತ್ತಿದೆ.

ಸೈರನ್. ನನ್ನನ್ನು ನೋಡುತ್ತಿಲ್ಲ, ಎದುರಿನ ಗೋಡೆ ನೋಡುತ್ತಿದ್ದಾರೆ. ಎದೆ ತುಂಬ ಉಸಿರು ಎಳೆದುಕೊಂಡು, ಕಾರಿಡಾರೆಲ್ಲ ನಡುಗುವ ಹಾಗೆ —

"ಕೆಡೆಟ್ ನಲವತ್ತೊಂದು!"

ಏನಂದರು? ಕಡ್ಡಿ ಓಡಿ ಬರುತ್ತಿದ್ದಾಳೆ, ಗೋಡೆ ಬಿಟ್ಟು, ನಡುಹಾದಿಯಲ್ಲಿ... ಪೆನ್ನು ಇಡಬೇಕು, ಎದ್ದು ನಿಲ್ಲಬೇ